ತಿಕೋಟಾದಲ್ಲಿ ನಾನು ಮುಖ್ಯಮಂತ್ರಿಯಾಗಿದ್ದೆ

ಸರಕಾರಿ ಕಚೇರಿಯಲ್ಲಿ ದುಡಿದವನಿಗೆ ನಗುವ ಪ್ರಸಂಗಗಳಿಗೇನೂ ಬರವಿಲ್ಲ. ನನ್ನ ತೊಂದರೆ ಏನೆಂದರೆ, ಅವುಗಳಲ್ಲಿ ಮುಕ್ಕಾಲು ಪಾಲು ಜನ ನಕ್ಕದ್ದು ನನ್ನನ್ನು ನೋಡಿ. ನಕ್ಕದ್ದು ಸರಿಯಾಗಿಯೇ ಇತ್ತು.

ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ತಹಶೀಲ ಕಚೇರಿಯಲ್ಲಿ ಗುಮಾಸ್ತ. ಮುಖ್ಯಮಂತ್ರಿಗಳಿಗೆ ಜನ ಬರೆದ ಅರ್ಜಿಗಳನ್ನು ನೋಡುವುದು ನನ್ನ ಕೆಲಸ. ನಮ್ಮ ಕಡೆಯವನೊಬ್ಬ ಅರ್ಜಿ ಬರೆದರೆ ಅದು ಬೆಂಗಳೂರು ಮುಟ್ಟಿ, ಅಲ್ಲಿ ಶಿಕ್ಕಾ ಹೊಡೆಸಿಕೊಂಡು, ಕಲೆಕ್ಟರ ಕಚೇರಿ ಹಾದು, ಎರಡು ತಿಂಗಳಿಗೆ ನನ್ನ ಮೇಜಿಗೆ ಬಂದು ಬೀಳುತ್ತಿತ್ತು. ಅಷ್ಟು ದೂರ ಹೋಗಿ ಬಂದ ಕಾಗದ ದಣಿದಿರುತ್ತದೆ ಎಂದು ನಾನು ಅದನ್ನು ಅಲ್ಲೇ ಮಲಗಿಸುತ್ತಿದ್ದೆ. ಈಗ ನೆನೆದರೆ ತಲೆ ತಗ್ಗುತ್ತದೆ.

೧. ಚಾಚಾನ ಟ್ರಂಕು

ಜೋರಾಪುರ ಪೇಟೆಯಲ್ಲಿ ಹಗ್ಗ ಮಾರುವ ಮುಸಲ್ಮಾನ ಹಿರಿಯರೊಬ್ಬರಿದ್ದರು. ಅಂಗಡಿ ಮುಂದಿನ ಗಟಾರ ತುಂಬಿ ಹರಿಯುತ್ತದೆ ಎಂದು ಮುಖ್ಯಮಂತ್ರಿಗಳಿಗೆ ಅರ್ಜಿ ಬರೆದು, ಅದು ಎಲ್ಲಿಗೆ ಬಂತೆಂದು ಕೇಳಲು ವಾರಕ್ಕೊಮ್ಮೆ ಕಚೇರಿಗೆ ಬರುತ್ತಿದ್ದರು. ಅವರನ್ನು ಸಾಗಹಾಕಲು ನಾನೊಂದು ಉಪಾಯ ಹೂಡಿದೆ.

"ಚಾಚಾ, ಹಿಂದಿನ ಅರ್ಜಿಗಳ ನಕಲು ಬೇಕು. ಅವಿಲ್ಲದ ಮುಂದ ಹೋಗಾಂಗಿಲ್ಲ."

ಹೋದವರು ಬರಲಿಕ್ಕಿಲ್ಲ ಎಂದುಕೊಂಡೆ. ಮರುದಿನವೇ ಸೈಕಲ್ಲಿಗೆ ತಗಡಿನ ಟ್ರಂಕು ಕಟ್ಟಿಕೊಂಡು ಬಂದರು. ನಮ್ಮ ಜಿಲ್ಲೆ ಮುಂಬೈ ಸರಕಾರದ ಕೈಯಲ್ಲಿದ್ದಾಗ ಬರೆದ ಅರ್ಜಿ, ಮೈಸೂರು ರಾಜ್ಯಕ್ಕೆ ಬಂದ ಮೇಲೆ ಬರೆದದ್ದು, ಕರ್ನಾಟಕ ಎಂದು ಹೆಸರಾದ ಮೇಲೆ ಬರೆದದ್ದು, ಎಲ್ಲವನ್ನೂ ಉತ್ತರಗಳ ಸಮೇತ ನನ್ನ ಮೇಜಿನ ಮೇಲೆ ಸಾಲಾಗಿ ಹರಡಿದರು.

"ಮುಂಬೈದವ್ರು 'ನೋಡ್ತೀವಿ' ಅಂತ ಬರದಾರ. ಮೈಸೂರಿನವ್ರು 'ಪರಿಶೀಲನೆಯಲ್ಲಿದೆ' ಅಂದಾರ. ಈಗಿನವ್ರು 'ಕ್ರಮಕ್ಕಾಗಿ ಕಳಿಸಿದೆ' ಅಂದಾರ. ನೋಡ್ರಿ ಸಾಹೇಬ್ರ, ಸರಕಾರ ಮೂರು ಬದಲಾದ್ವು, ಗಟಾರ ಒಂದ ಪಕ್ಷದಾಗ ಐತಿ."

೨. ಯಾರ ಹುಕುಂ

ಆ ದಶಕದ ಕೊನೆಯಲ್ಲೊಮ್ಮೆ ರಾಜ್ಯಕ್ಕೆ ರಾಷ್ಟ್ರಪತಿ ಆಡಳಿತ ಬಂತು. ಮುಖ್ಯಮಂತ್ರಿಯೇ ಇಲ್ಲ, ರಾಜ್ಯಪಾಲರದೇ ಕಾರಭಾರ. ನನಗೋ ಹಾಲು ಅನ್ನ ಉಂಡಷ್ಟು ಖುಷಿ. ಯಾರು ಏನು ಕೇಳಿದರೂ ಒಂದೇ ಉತ್ತರ: "ಹೊಸಾ ಮುಖ್ಯಮಂತ್ರಿ ಬರಲಿ."

ಇಟ್ಟಂಗಿಹಾಳದ ರೈತನೊಬ್ಬ ಸೊಸೆಯ ಹೆಸರನ್ನು ರೇಶನ್ ಕಾರ್ಡಿಗೆ ಸೇರಿಸಲು ಬಂದಿದ್ದ. ಅದಕ್ಕೂ ಮುಖ್ಯಮಂತ್ರಿಗೂ ಏನೂ ಸಂಬಂಧವಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಅದನ್ನೇ ಹೇಳಿದೆ. ಅವನು ಬಾಗಿಲ ಬಳಿ ಕುಳಿತ. ಒಂದು ಗಂಟೆ ಬಡಿಯಿತು. ನಾನು ಡಬ್ಬಿ ಬಿಚ್ಚಿ ರೊಟ್ಟಿ ಮುರಿದೆ.

ಅವನು ಎದ್ದು ಬಂದು, ನನ್ನ ಕೈಯ ರೊಟ್ಟಿ ನೋಡಿ ಮೆಲ್ಲಗೆ ಕೇಳಿದ: "ಸಾಹೇಬ್ರ, ಇದಕ್ಕ ಯಾರ ಹುಕುಂ ಬಂತ್ರಿ?"

ರೊಟ್ಟಿ ಗಂಟಲಲ್ಲೇ ನಿಂತಿತು. ಸೊಸೆಯ ಹೆಸರು ಬರೆದ ಮೇಲೆಯೇ ಕೆಳಗಿಳಿದದ್ದು.

೩. ಕಾಗದದ ಹಾರ

ಇದು ಅದಕ್ಕೂ ಮೊದಲಿನ ಮಾತು. ಮುಖ್ಯಮಂತ್ರಿಗಳು ನಮ್ಮ ತಾಲೂಕಿನ ತಿಕೋಟಾಕ್ಕೆ ಬರುವವರಿದ್ದರು. ದೊಡ್ಡವರು ಬರುವ ಮುನ್ನಾದಿನ ಅದೇ ಜಾಗದಲ್ಲಿ ಅವರ ಕಾರ್ಯಕ್ರಮದ ತಾಲೀಮು ಮಾಡುವುದು ನಮ್ಮ ಕಚೇರಿಯ ಪದ್ಧತಿ. ಕಾರು ಎಲ್ಲಿ ನಿಲ್ಲಬೇಕು, ಹಾರಕ್ಕೆ ಎಷ್ಟು ಹೊತ್ತು, ಅರ್ಜಿ ತೆಗೆದುಕೊಳ್ಳಲು ಎಷ್ಟು ಹೊತ್ತು, ಎಲ್ಲವನ್ನೂ ಗಡಿಯಾರ ಹಿಡಿದು ನೋಡುತ್ತಿದ್ದರು. ಅದಕ್ಕೆ ಮುಖ್ಯಮಂತ್ರಿಗಳ ಜಾಗದಲ್ಲಿ ಒಬ್ಬ ಆಸಾಮಿ ಬೇಕಲ್ಲ. ಆ ದಿನ ಮಧ್ಯಾಹ್ನ ನಂಟರ ಲಗ್ನವಿದ್ದುದರಿಂದ ನಾನು ಬಿಳಿ ಧೋತರ, ಬಿಳಿ ಜುಬ್ಬಾ ತೊಟ್ಟು ಹೋಗಿದ್ದೆ. ತಹಶೀಲ್ದಾರರು ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನ ಕುಂದರಪಾ" ಎಂದರು.

ಕಾಗದದ ಹಾರ ಬಿತ್ತು. ಹಲಗೆ ಬಾರಿಸಿದರು. ನಾನು ಕೈ ಮುಗಿದೆ. ಮೊದಲು ನಾಚಿಕೆಯಾಯಿತು, ಆಮೇಲೆ, ಸುಳ್ಳು ಯಾಕೆ ಹೇಳಲಿ, ಹಿತವೆನಿಸಿತು.

ಅಷ್ಟರಲ್ಲಿ ನೋಡಲು ನೆರೆದಿದ್ದ ಗುಂಪಿನಿಂದ ಹೆಣ್ಣುಮಗಳೊಬ್ಬಳು ಮುಂದೆ ಬಂದಳು. ಐವತ್ತರ ಆಸುಪಾಸು. ಮುಖ್ಯಮಂತ್ರಿ ಬರುವುದು ಆ ದಿನವೇ ಎಂದು ಯಾರೋ ಹೇಳಿದ್ದರಂತೆ, ಬಬಲೇಶ್ವರದಿಂದ ಬಂದಿದ್ದಳು. ನನ್ನ ಕೈಯಲ್ಲಿ ಅರ್ಜಿ ಇಟ್ಟು, ಕಾಲು ಮುಟ್ಟಿದಳು.

"ಯಪ್ಪಾ, ಗಂಡ ಸತ್ತು ಎರಡು ವರ್ಷಾತು. ಹೊಲಕ್ಕ ವಾರಸಾ ಅಂತ ನನ್ನ ಹೆಸರು ಹಚ್ಚವಲ್ರು. ಮೈದುನ ತನ್ನ ಹೆಸರು ಬರಸ್ತೀನಿ ಅಂತಾನ. ಆ ಹೊಲ ಹೋದ್ರ ನನಗ ನಿಲ್ಲಾಕ ನೆಲ ಇಲ್ಲ."

'ನಾನು ಮುಖ್ಯಮಂತ್ರಿ ಅಲ್ಲವ್ವಾ' ಎನ್ನಬೇಕಿತ್ತು. ಹಲಗೆ ಬಾರಿಸುತ್ತಿದ್ದರು, ಕೊರಳಲ್ಲಿ ಹಾರವಿತ್ತು. ಗತ್ತಿನಿಂದ ಹೇಳಿದೆ: "ಎಂಟು ದಿನದಾಗ ಆಗ್ತದ, ಹೋಗಿ ಬಾ ತಾಯಿ."

ಜನ ಚಪ್ಪಾಳೆ ತಟ್ಟಿದರು. ತಹಶೀಲ್ದಾರರು ಗಡಿಯಾರ ನೋಡಿ, "ಭಾಳ ಚೊಲೊ ಮಾಡಿದಿ, ಅರ್ಧ ನಿಮಿಷದಾಗ ಮುಗಿಸಿದಿ" ಎಂದರು. ಮರುದಿನ ನಿಜವಾದ ಮುಖ್ಯಮಂತ್ರಿಗಳ ಕಾರ್ಯಕ್ರಮ ರದ್ದಾಯಿತು. ಅರ್ಜಿ ಜುಬ್ಬಾದ ಕಿಸೆಯಲ್ಲಿತ್ತು. ಜುಬ್ಬಾ ಅಗಸರ ಮನೆಗೆ ಹೋಯಿತು.

೪. ಬಿದ್ದವರನ್ನು ನೋಡಿ

ತಿಂಗಳಾಗಿತ್ತು. ಆ ಹೆಣ್ಣುಮಗಳು ಕಚೇರಿಯ ಬಾಗಿಲಲ್ಲಿ ನಿಂತಿದ್ದನ್ನು ಕಂಡು ನಾನು ದೊಡ್ಡದೊಂದು ರಜಿಸ್ಟರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ. ಆಕೆ ಸೀದಾ ಬಂದು ರಜಿಸ್ಟರಿನ ಆ ಬದಿಯಿಂದ ಇಣುಕಿದಳು.

"ನೀವು ತಿಕೋಟಾದಾಗ ಹಾರ ಹಾಕ್ಕೊಂಡು ಕುಂತಿದ್ದವರಲ್ರಿ?"

"ಹೌದವ್ವಾ."

ಆಕೆ ನನ್ನ ಹಳೆಯ ಕುರ್ಚಿ ನೋಡಿದಳು, ಮಸಿ ಹತ್ತಿದ ತೋಳು ನೋಡಿದಳು. ಮುಖ ಸಣ್ಣದು ಮಾಡಿ ಕೇಳಿದಳು: "ಯಾವಾಗ ತೆಗದ್ರು ಯಪ್ಪಾ, ನಿಮ್ಮನ್ನ ಮುಖ್ಯಮಂತ್ರಿ ಕೆಲಸದಿಂದ?"

ಕೋಣೆಯೆಲ್ಲ ಗೊಳ್ ಎಂದಿತು. ಹೆಡ್ ಕ್ಲಾರ್ಕರ ಚಹಾ ಮೂಗಿನಿಂದ ಬಂತು. ಆಕೆ ತಿರುಗಿ ಅವರನ್ನೆಲ್ಲ ಗದರಿಸಿದಳು: "ಯಾಕ ನಗತೀರಿ? ಬಿದ್ದವರನ್ನ ನೋಡಿ ನಗಬಾರದು. ನನ್ನ ಗಂಡ ಸತ್ತಾಗ ನಮ್ಮ ಮೈದುನನ ಮನಿಯವ್ರೂ ಹಿಂಗ ನಕ್ಕರು."

ನಗು ನಿಂತಿತು. ಕಚೇರಿಯಲ್ಲಿ ನನ್ನ ಪರವಾಗಿ ಮಾತಾಡಿದವಳು ಆಕೆಯೊಬ್ಬಳೇ. ನಾನು ಮೋಸ ಮಾಡಿದ್ದೂ ಆಕೆಗೇ. ನೆಲ ಬಾಯಿ ಬಿಟ್ಟಿದ್ದರೆ ಅಂದೇ ಹೋಗಿಬಿಡುತ್ತಿದ್ದೆ.

"ನಾ ಯಾವತ್ತೂ ಮುಖ್ಯಮಂತ್ರಿ ಆಗಿರಲಿಲ್ಲ ಬೇ ಯವ್ವಾ. ಅವತ್ತು ತಾಲೀಮಿಗೆ ಕುಂದರಿಸಿದ್ರು. ನಾ ಸುಳ್ಳ ಹೇಳಿದೆ, ತಪ್ಪಾತು."

"ಇರಲಿ ಬಿಡ್ರಿ, ನಾಚಬ್ಯಾಡ್ರಿ. ಯಾರಿಗೂ ಖಾಯಂ ಇರೂದಲ್ಲ ಅದು," ಎಂದಳು. "ನನ್ನ ಕಾಗದ ಏನಾತು?"

ಜುಬ್ಬಾದಲ್ಲಿದ್ದ ಕಾಗದ ಅಗಸರ ನೀರಿನಲ್ಲೇ ಕರಗಿತ್ತು. ಆಕೆಯ ಹೆಸರು ಕೇಳಿಕೊಂಡು, ಬೇರೆ ಅರ್ಜಿಯೇನಾದರೂ ಬಂದಿದೆಯೇ ಎಂದು ನಾನು ಎದ್ದು ಹುಡುಕಿದೆ. ದೂರ ಹೋಗಬೇಕಾಗಲಿಲ್ಲ. ಆಕೆ ತಿಕೋಟಾಕ್ಕೆ ಬರುವ ಮೊದಲೇ ಬೆಂಗಳೂರಿಗೆ ಬರೆಸಿ ಹಾಕಿದ್ದ ಅರ್ಜಿ ನನ್ನ ಮೇಜಿನ ಮೂರನೇ ಕಟ್ಟಿನಲ್ಲಿತ್ತು. ಐದು ತಿಂಗಳಾಗಿತ್ತು. ಮೇಲೆ ನನ್ನದೇ ಅಕ್ಷರ: 'ಆಮೇಲೆ ನೋಡುವುದು.' ಅಂದರೆ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕುಳಿತು ನಾನು ಮಾತು ಕೊಟ್ಟದ್ದು, ಗುಮಾಸ್ತನ ಕುರ್ಚಿಯಲ್ಲಿ ಕುಳಿತು ನಾನೇ ಅಡಗಿಸಿಟ್ಟ ಕೆಲಸಕ್ಕೆ.

ಅಂದು ಊರೂರಿನ ಹೊಲಗಳ ಲೆಕ್ಕ ಬರೆಯುವ ತಲಾಠಿಗಳ ಮೀಟಿಂಗ್ ಇತ್ತು. ಬಬಲೇಶ್ವರದ ತಲಾಠಿಯನ್ನು ತೋಳು ಹಿಡಿದು ಎಳೆದು ತಂದೆ. ಮೈದುನನ ತಕರಾರು ಬಾಯಿಮಾತಿನದು, ಕಾಗದದಲ್ಲಿ ಏನೂ ಇರಲಿಲ್ಲ. ನಾನು ಟಿಪ್ಪಣಿ ಬರೆದೆ, ತಹಶೀಲ್ದಾರರು ಸಹಿ ಹಾಕಿದರು, ತಲಾಠಿ ಆಕೆಯ ಹೆಸರು ಹಚ್ಚಿ ಹೊಲದ ಉತಾರ, ಅಂದರೆ ಪಹಣಿಯ ನಕಲು, ಬರೆದುಕೊಟ್ಟ.

ಆಕೆ ಉತಾರವನ್ನು ಕಣ್ಣಿಗೊತ್ತಿಕೊಂಡು, ನಾಲ್ಕು ಮಡಿಕೆ ಮಾಡಿ, ಸೆರಗಿನಲ್ಲಿ ಕಟ್ಟಿಕೊಂಡಳು. ಹೊಸ್ತಿಲ ತನಕ ಹೋದವಳು ತಿರುಗಿ ಬಂದು, ಬೇರೆಯವರಿಗೆ ಕೇಳಬಾರದೆಂಬಂತೆ ಮೆಲ್ಲಗೆ ಬುದ್ಧಿ ಹೇಳಿದಳು:

"ಮುಖ್ಯಮಂತ್ರಿ ಇದ್ದಾಗ ಎಂಟು ದಿನಾ ಅಂದ್ರಿ, ತಿಂಗಳಾದ್ರೂ ಆಗಲಿಲ್ಲ. ಗುಮಾಸ್ತ ಆದ ಮ್ಯಾಲ ಒಂದ ತಾಸಿನಾಗ ಮಾಡಿದ್ರಿ. ಮತ್ತ ಯಾರರ ಕರದ್ರ ಆ ಕೆಲಸಕ್ಕ ಹೋಗಬ್ಯಾಡ್ರಿ ಯಪ್ಪಾ. ನಿಮಗ ಅದು ಬರೂದಿಲ್ಲ."