ಬೀಗಿತಿಯರ ಮುನಿಸಿನ ಕುಣಿತ

ಜಗಳ ಶುರು ಮಾಡುವುದನ್ನು ನನಗೆ ಯಾರೂ ಕಲಿಸಬೇಕಾಗಿ ಬರಲಿಲ್ಲ. ಮುಗಿಸುವುದನ್ನು ಕಲಿಯಲು ಮಾತ್ರ ಅರುವತ್ತೊಂದನೆಯ ವಯಸ್ಸಿನಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಸಂತೆಕಟ್ಟೆಯಿಂದ ಎರಡು ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಬೇಕಾಯಿತು. ಅಲ್ಲಿ ಕಲಿತದ್ದಾದರೂ ಎಂತ? ಯಿಡ್ಡಿಷ್ ಕುಣಿತ! ಆ ತರಗತಿ ಮುಗಿದು ವರ್ಷ ದಾಟಿತು. ಈಗಲೂ ಭಾನುವಾರ ಮಧ್ಯಾಹ್ನ ಮೂರು ಗಂಟೆಯಾದರೆ ನನ್ನ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ.

ಜಗಳ ನನ್ನ ಬೀಗಿತಿಯ ಜೊತೆ. ಅಂದರೆ ಸೊಸೆ ನಿಖಿತಾಳ ತಾಯಿ, ಕಾರ್ಕಳದ ಸುಮತಿಯಕ್ಕ. ಮಗನ ಮದುವೆ ಕಾಪುವಿನ ಒಂದು ಹಾಲ್‌ನಲ್ಲಿ ಆಯಿತು. ಹೆಣ್ಣಿನ ಕಡೆಯವರು ಎಲ್ಲವನ್ನೂ ಚಂದ ಮಾಡಿದ್ದರು. ಊಟಕ್ಕೆ ಕೂತಾಗ ಪಾಯಸ ಸ್ವಲ್ಪ ತೆಳುವಾಗಿತ್ತು, ಅಷ್ಟೇ. ನಾನು ಪಕ್ಕದಲ್ಲಿದ್ದ ತಂಗಿಯ ಕಿವಿಯಲ್ಲಿ, “ಇದು ಪಾಯಸ ಅಲ್ಲ ಮಾರಾಯ್ತಿ, ಗಂಜಿ ತಿಳಿ” ಎಂದೆ. ವಿಡಿಯೊದವನು ನಮ್ಮ ಎದುರಿಗೇ ನಿಂತಿದ್ದ. ತಿಂಗಳ ಮೇಲೆ ಕಾರ್ಕಳದಲ್ಲಿ ಸುಮತಿಯಕ್ಕ ತಮ್ಮ ನೆಂಟರಿಷ್ಟರನ್ನೆಲ್ಲ ಕೂರಿಸಿಕೊಂಡು ಮದುವೆಯ ವಿಡಿಯೊ ಹಾಕಿದರಂತೆ. ತಾಳಿ ಕಟ್ಟುವಾಗ ಮಂತ್ರ ಸರಿಯಾಗಿ ಕೇಳದ ಆ ವಿಡಿಯೊದಲ್ಲಿ ನನ್ನ ಗಂಜಿ ತಿಳಿ ಮಾತ್ರ ಗಂಟೆ ಹೊಡೆದ ಹಾಗೆ ಕೇಳಿತಂತೆ.

ಅದರ ನಂತರ ಎರಡು ವರ್ಷ ನಮ್ಮೊಳಗೆ ಮಾತಿಲ್ಲ. ಪೂರ್ತಿ ಇಲ್ಲ ಎನ್ನುವುದೂ ಸುಳ್ಳು. ಮೊದಲು ತುಳುವಿನಲ್ಲಿ ಹರಟುತ್ತಿದ್ದವರು ಈಗ ಕನ್ನಡಕ್ಕೆ ಬಂದಿದ್ದೆವು, ಅದೂ ಪಠ್ಯಪುಸ್ತಕದ ಕನ್ನಡ. “ಸುಮತಿಯವರೇ, ಕ್ಷೇಮವೇ?” “ಕ್ಷೇಮ. ತಾವು?” ಇಷ್ಟು ಹೇಳಿ ಇಬ್ಬರೂ ಬೇರೆ ಬೇರೆ ಕಿಟಕಿ ನೋಡುತ್ತಿದ್ದೆವು. ಇದರ ನಡುವೆ ನಿಖಿತಾಳಿಗೆ ಐದು ತಿಂಗಳಾಯಿತು. “ಸೀಮಂತದ ದಿನ ನೀವಿಬ್ಬರೂ ಹೀಗೇ ಇದ್ದರೆ ನಾನು ರೂಮಿನಿಂದ ಹೊರಗೇ ಬರುವುದಿಲ್ಲ ಅತ್ತೆ” ಎಂದಳು. ತಮಾಷೆಗೆ ಹೇಳಿದಳೆಂದು ನಾನು ನಕ್ಕೆ. ಅವಳು ನಗಲಿಲ್ಲ.

ಅವಳು ಕೆಲಸ ಮಾಡುವ ಮಣಿಪಾಲದ ಕಾಲೇಜಿಗೆ ಮೀರಿಯಂ ಎಂಬ ಎಪ್ಪತ್ತರ ಹೆಂಗಸು ಗಂಡನ ಜೊತೆ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಯಿಡ್ಡಿಷ್ ಭಾಷೆಯಾಡುವ ಪೂರ್ವ ಯುರೋಪಿನ ಯಹೂದಿಗಳ ಹಾಡು, ಕುಣಿತ, ಕ್ಲೆಜ್ಮರ್ ಎಂಬ ಮದುವೆಮನೆಯ ವಾದ್ಯಸಂಗೀತ, ಮೂರನ್ನೂ ಒಟ್ಟಿಗೆ ಕಲಿಸುತ್ತಾರೆ, ಹೋಗಿ ಎಂದು ನಿಖಿತಾ ಗಂಟು ಬಿದ್ದಳು. ದಿನವಿಡೀ ಅಡುಗೆಮನೆಯಲ್ಲಿ ಏನಾದರೂ ಗುನುಗುವವಳು ನಾನು, ಹೋದೆ. ಬಾಗಿಲಲ್ಲೇ ಸುಮತಿಯಕ್ಕ ಚಪ್ಪಲಿ ಬಿಡುತ್ತಿದ್ದರು. ಮೊಣಕಾಲಿಗೆ ವ್ಯಾಯಾಮ ಎಂದು ಅವರನ್ನು ಕಳುಹಿಸಿದ್ದಂತೆ. ಇಬ್ಬರಿಗೂ ಹೇಳಿದವಳು ನಿಖಿತಾಳೇ, ಇಬ್ಬರಿಗೂ ಹೇಳದೆ ಇದ್ದವಳೂ ಅವಳೇ.

ಮೀರಿಯಂ ಪಿಟೀಲು ಹಿಡಿದು ಮೊದಲ ದಿನವೇ ಹೇಳಿದರು: ಯಿಡ್ಡಿಷ್ ತನಗೆ ಮನೆಯೊಳಗಿನ ಭಾಷೆ, ಅಮ್ಮ ಬೈಯುತ್ತಿದ್ದದ್ದು, ಮುದ್ದು ಮಾಡುತ್ತಿದ್ದದ್ದು ಎರಡೂ ಅದರಲ್ಲೇ, ಮೆಟ್ಟಿಲು ಇಳಿದರೆ ಬೇರೆ ಭಾಷೆ. ಕೇಳಿ ನನಗೆ ನಮ್ಮಮ್ಮ ತುಳುವಿನಲ್ಲಿ ಬೈಯುತ್ತಿದ್ದದ್ದು ನೆನಪಾಯಿತು. ಬರೀ ಹಾಡುತ್ತೇನೆ, ಕುಣಿಯುವುದಿಲ್ಲ ಎಂದರೆ ಮೀರಿಯಂ ಬಿಡುತ್ತಿರಲಿಲ್ಲ. ಕಾಲಿಗೆ ಗೊತ್ತಾಗದ್ದು ಕೈಗೆ ಬಾರದು, ಕೈಗೆ ಬಾರದ್ದು ಗಂಟಲಿಗೆ ಏರದು ಎನ್ನುವುದು ಅವರ ಸಿದ್ಧಾಂತ. ಕಾಲೇಜಿನ ಮಕ್ಕಳು ಹತ್ತು ಮಂದಿ ಭುಜ ಹಿಡಿದು ವೃತ್ತವಾಗಿ ಎಡಕ್ಕೆ ಹೋದರೆ ನಾನೊಬ್ಬಳು ಬಲಕ್ಕೆ ಹೋಗುತ್ತಿದ್ದೆ. ಮಕ್ಕಳು ಪಾಪ, “ಆಂಟಿ, ನಿಮ್ಮ ಸ್ಟೆಪ್ ಚಂದ ಉಂಟು” ಎನ್ನುತ್ತಿದ್ದರು.

ನಾಲ್ಕನೆಯ ಭಾನುವಾರ ಮೀರಿಯಂ ಮುನಿಸಿನ ಕುಣಿತ ತೆಗೆದರು. ಅವರ ಹಳೆಯ ಮದುವೆಗಳಲ್ಲಿ ಇಬ್ಬರು ಬೀಗಿತಿಯರು ಅದನ್ನು ಕುಣಿಯುತ್ತಿದ್ದರಂತೆ. ಒಬ್ಬಳು ಮುಖ ತಿರುಗಿಸುವುದು, ಇನ್ನೊಬ್ಬಳು ಓಲೈಸುವುದು, ಕೊನೆಗೆ ಕೈ ಹಿಡಿದು ರಾಜಿಯಾಗುವುದು. “ಇಲ್ಲಿ ಬೀಗಿತಿಯರು ಯಾರಾದರೂ ಇದ್ದೀರಾ?” ಎಂದು ಕೇಳಿದರು. ನಾವು ಬೇರೆ ಬೇರೆ ಕಿಟಕಿ ನೋಡಿದೆವು. ಆದರೆ ಇಬ್ಬರ ಮುಖದಲ್ಲೂ ಅದು ಬರೆದಿತ್ತು ಎಂದು ಕಾಣುತ್ತದೆ. ನಮ್ಮನ್ನೇ ನಡುವೆ ನಿಲ್ಲಿಸಿ, “ಮುನಿಸಿಕೊಳ್ಳುವವರು ಯಾರು?” ಎಂದರು. ಇಬ್ಬರೂ ಕೈ ಎತ್ತಿದೆವು.

ಪಿಟೀಲು ಶುರುವಾಯಿತು. ನನ್ನ ಎಡಬಲದ ಗೊಂದಲ ಎಲ್ಲಿ ಹೋಯಿತೋ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಮ್ಮಡಿ ಕುಟ್ಟಿ, ಮುಖ ತಿರುಗಿಸಿ ಹೊರಟೆ. ಸುಮತಿಯಕ್ಕನೂ ಬಿಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ರಾಜಿಯ ಭಾಗ ಬರಬೇಕಾದರೆ ಒಬ್ಬರು ಕೈ ಚಾಚಬೇಕು. ಅಲ್ಲಿಯವರೆಗೆ ಮೀರಿಯಂ ಮುಂದಿನ ಸ್ವರ ನುಡಿಸಲೊಲ್ಲರು. ಮುನಿಸಿನ ಸ್ವರವೇ ಸುತ್ತಿ ಸುತ್ತಿ ಬಂತು. ಆರು ಸುತ್ತು, ಏಳು ಸುತ್ತು. ನನಗೆ ಉಸಿರು ಸಿಗದೆ ಕಾಲು ತೊಡರಿ ಗೋಡೆ ಹಿಡಿದೆ. “ದಾದ ಆಂಡ್ ವಾರಿಜಕ್ಕ?” ಎಂದು ಸುಮತಿಯಕ್ಕ ಓಡಿ ಬಂದರು. ಎರಡು ವರ್ಷದ ಮೇಲೆ ಏನಾಯಿತೆಂದು ತುಳುವಿನಲ್ಲಿ ಕೇಳಿದರು. ಕೇಳಿದವರೇ ತಮ್ಮ ಬಾಯಿಂದ ಬಿದ್ದ ಮಾತಿಗೆ ಬೆಚ್ಚಿದ ಹಾಗೆ ನಿಂತು, ಆಮೇಲೆ ಮೆಲ್ಲಗೆ ಅದೇ ಭಾಷೆಯಲ್ಲಿ ಹೇಳಿದರು: “ಆ ಪಾಯಸ ಅಡುಗೆಯವರದ್ದಲ್ಲ. ಮಗಳಿಗೆ ಇಷ್ಟ ಎಂದು ಬೆಳಿಗ್ಗೆ ನಾಲ್ಕಕ್ಕೆ ಎದ್ದು ನಾನೇ ಕಾಯಿಸಿದ್ದು. ಜನ ಜಾಸ್ತಿಯಾದರು. ಯಾರಿಗೂ ಇಲ್ಲ ಎನ್ನಬಾರದು ಎಂದು ಹಾಲು, ನೀರು ಸೇರಿಸಿದೆ.”

ಇನ್ನೂರು ಎಂದು ಹೇಳಿ ಮುನ್ನೂರು ಜನರನ್ನು ಕಾಪುವಿಗೆ ಕರೆದುಕೊಂಡು ಹೋದವಳು ನಾನು. ತಪ್ಪಾಯಿತು ಎನ್ನುವ ಮಾತು ನನಗೆ ತುಳುವಿನಲ್ಲೂ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ. ಕೈ ಚಾಚಿದೆ. ಅವರು ಹಿಡಿದದ್ದೇ ತಡ, ಮೀರಿಯಂ ಎಂತಹ ಲಯಕ್ಕೆ ಹಾರಿದರೆಂದರೆ, ಅಳುವುದಕ್ಕೆ ಪುರಸೊತ್ತು ಕೊಡಲಿಲ್ಲ.

ಸೀಮಂತದ ದಿನ ನಿಖಿತಾಳ ಎರಡು ಕೈಗೆ ನಾವಿಬ್ಬರು ಆಚೆ ಈಚೆ ಕೂತು ಬಳೆ ತೊಡಿಸಿದೆವು. ಅದಾದ ಮರುವಾರವೇ ಮೀರಿಯಂ ಅವರ ಕೊನೆಯ ಭಾನುವಾರ. ನಿಮ್ಮಲ್ಲಿ ಮುನಿಸಿನ ಕುಣಿತದಂಥದ್ದು ಇಲ್ಲವೇ ಎಂದು ಕೇಳಿದರು. ನಾನು ಚಿಕ್ಕವಳಿದ್ದಾಗಿನ ಬೀಗರ ಹಾಡುಗಳ ವಿಷಯ ಹೇಳಿದೆ. ಎರಡು ಕಡೆಯ ಹೆಂಗಸರು ಎದುರು ಬದುರು ಕೂತು ಹಾಡಿನಲ್ಲೇ ಒಬ್ಬರನ್ನೊಬ್ಬರು ಜರೆಯುತ್ತಿದ್ದರು. ನಮ್ಮಜ್ಜಿ ಹಾಡಿದರೆ ಬೈಸಿಕೊಂಡವರೇ ಮೊದಲು ನಗುತ್ತಿದ್ದರು. ಹಾಡು ಮುಗಿದರೆ ಸಿಟ್ಟೂ ಮುಗಿದ ಹಾಗೆ. ಒಂದು ಹಾಡಿ ಎಂದರು. ಅಜ್ಜಿಯ ಮುಖ, ಅವಳ ಮೂಗುಬೊಟ್ಟು, ತಲೆ ಆಡಿಸುವ ರೀತಿ ಎಲ್ಲ ಕಣ್ಣ ಮುಂದೆ ಬಂತು. ಪದ ಒಂದೂ ಬರಲಿಲ್ಲ.

“ನನಗೆ ಒಂದು ಗೊತ್ತುಂಟು” ಎಂದು ಸುಮತಿಯಕ್ಕ ಮುಂದೆ ಬಂದರು. ಹೆಣ್ಣಿನ ಕಡೆಯ ಹಾಡು.

“ಗಂಡಿನ ತಾಯಿ ಬರುವ ಮೊದಲೇ
ಬಾಯಿ ಬಂತಮ್ಮ ಚಪ್ಪರಕೆ!”

ಎಷ್ಟು ಇಂಪಾಗಿ ಹಾಡಿದರು! ಎರಡನೆಯ ಸಲಕ್ಕೆ ಪಿಟೀಲು ಜೊತೆಗೂಡಿತು, ಮೂರನೆಯದಕ್ಕೆ ಮಕ್ಕಳೆಲ್ಲ ದನಿಗೂಡಿಸಿದರು. ಮೀರಿಯಂ ಕಣ್ಣರಳಿಸಿ ನನ್ನತ್ತ ತಿರುಗಿ ಅರ್ಥ ಕೇಳಿದರು. ನಾನು ಇಂಗ್ಲಿಷಿನಲ್ಲಿ, ವರನ ತಾಯಿ ಬರುವ ಮೊದಲೇ ಅವಳ ಮಧುರವಾದ ಧ್ವನಿ ಬಂತು ಎಂದೆ.

“ಧ್ವನಿ ಅಲ್ಲ ವಾರಿಜಕ್ಕ” ಎಂದರು ಸುಮತಿಯಕ್ಕ ಹಿಂದಿನಿಂದ. “ಬಾಯಿ ಎಂದು ಹೇಳಿ, ಬಾಯಿ.”

ತಿದ್ದಿ ಹೇಳಿದೆ.