ತಿರುಪತಿಗೆ ಹೋಗದೆ ಕೊಟ್ಟ ಮುಡಿ

ಇವತ್ತು ನನ್ನ ಹೆಂಡತಿಯ ತಲೆಯಲ್ಲಿ ಹೂವು ನಿಂತಿತು. ಮೊಳಗಟ್ಟಲೆ ಮಲ್ಲಿಗೆಯೇನಲ್ಲ, ಅಂಗಳದ ಗಿಡದ್ದೇ ಒಂದು ಹಳದಿ ಸೇವಂತಿಗೆ. ಆದರೂ ಖಾನಾಪುರದ ನಮ್ಮ ಮನೆಯ ಬಾಗಿಲಿನಿಂದ ಬೆಳಗಾವಿಯ ಆಸ್ಪತ್ರೆಯ ಬಾಗಿಲಿನವರೆಗೆ, ಬಸ್ಸಿನ ಕಿಟಕಿಯ ಗಾಳಿಗೂ ಅದು ಬೀಳಲಿಲ್ಲ. ಅಲ್ಲಿ ಡಾಕ್ಟರು ಆಕೆಯನ್ನು ತಪಾಸಣೆ ಮಾಡಿ, "ಎಲ್ಲಾ ಛಲೋ ಐತ್ರಿ, ಇನ್ನ ಆರು ತಿಂಗಳ ಬಿಟ್ಟು ಬರ್ರಿ" ಎಂದರು. ಆರು ತಿಂಗಳು! ಮುಂದಿನ ವಾರ ಬನ್ನಿ, ಮುಂದಿನ ವಾರ ಬನ್ನಿ ಎನ್ನುತ್ತಿದ್ದ ಬಾಯಿಂದ ಆರು ತಿಂಗಳು ಎಂಬ ಮಾತು ಹೊರಟರೆ ಅದು ಡಾಕ್ಟರ ಮಾತಲ್ಲ, ದೇವರ ಮಾತು. ತಿರುಗಿ ಬರುವಾಗ ಬಸ್ಸಿನಲ್ಲಿ ಬಾಜೂ ಕೂತವರಿಗೆ ಹೇಳಿದೆ, ಹಿಂದೆ ಕೂತವರಿಗೆ ಹೇಳಿದೆ, ಕೊನೆಗೆ ಕಂಡಕ್ಟರನಿಗೂ ಹೇಳಿದೆ. "ಭಾಳ ಛಲೋ ಆತು ನೋಡ್ರಿ ಅಜ್ಜಾರ. ಈಗ ಟಿಕೇಟ್ ತಗೋರಿ" ಎಂದ. ಬಸ್ಸಿನಿಂದ ಇಳಿದರೂ ಹೊಟ್ಟೆಯೊಳಗಿನ ಖುಷಿ ಇಳಿಯಲಿಲ್ಲ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ನಾನು ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು. ನನ್ನ ಸಾಲಿ ಎರಡನೇ ಇಯತ್ತೆಗೇ ಮುಗಿಯಿತು, ನಂದಗಡದ ಸುತ್ತಲಿನ ಗುಡ್ಡಗಳೇ ಮುಂದಿನ ವಿದ್ಯೆ ಕಲಿಸಿದವು. ನಡುವಯಸ್ಸಿನಲ್ಲಿ ಖಾನಾಪುರಕ್ಕೆ ಬಂದು ಹಂಚಿನ ಕಾರ್ಖಾನೆಯಲ್ಲಿ ವಾಚಮನ್ ಆದೆ, ಈಗ ಅದನ್ನೂ ಬಿಟ್ಟು ಮನೆಯಲ್ಲಿದ್ದೇನೆ. ಓದು ಬರಹದ ವಿಷಯದಲ್ಲಿ ನನಗೆ ಯಾವ ಸೊಕ್ಕೂ ಇಲ್ಲ. ಆದರೆ ದಾರಿಯ ವಿಷಯದಲ್ಲಿ ಇತ್ತು. ಹುಲ್ಲು ಬಾಗಿದ್ದು ನೋಡಿ ಹಿಂಡು ಯಾವ ಕಡೆ ಹೋಯಿತೆಂದು ಹೇಳಬಲ್ಲೆ. ಆ ಸೊಕ್ಕನ್ನು ಬೆಳಗಾವಿಯ ಆಸ್ಪತ್ರೆ ಒಂದೇ ಮುಂಜಾನೆಗೆ ಇಳಿಸಿತು. ಹೋದ ವರ್ಷ ನನ್ನ ಹೆಂಡತಿ ಗಂಗವ್ವನ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಖಾನಾಪುರದ ಡಾಕ್ಟರು ತಡ ಮಾಡದೆ ಬೆಳಗಾವಿಗೆ ಕಳಿಸಿದರು. ಅಲ್ಲಿ ಒಬ್ಬರು ಎಡಕ್ಕೆ ಹೋಗಿ ಎಂದರು, ಒಬ್ಬರು ಮೇಲೆ ಹೋಗಿ ಎಂದರು. ಹಿಂಡು ಹೊಡೆದುಕೊಂಡು ಹೋಗುವವನ ಗತ್ತಿನಲ್ಲಿ ನಾನು ಮುಂದೆ ನಡೆದೆ, ಗಂಗವ್ವ ಹಿಂದೆ ಬಂದಳು. ಹೋಗಿ ನಿಂತದ್ದು ಹೆರಿಗೆ ವಾರ್ಡಿನ ಬಾಗಿಲಿಗೆ. ಅಲ್ಲಿಯ ಆಯಾ ನಮ್ಮಿಬ್ಬರ ವಯಸ್ಸು ನೋಡಿ ಗಲ್ಲದ ಮೇಲೆ ಕೈ ಇಟ್ಟುಕೊಂಡಳು.

ಅಲ್ಲಿಂದ ನಮ್ಮನ್ನು ಹಿಡಿದು ತಂದವರೇ ಕಸ್ತೂರಿ ಸಿಸ್ಟರ್. ಅವರೂ ನರ್ಸೇ, ಆದರೆ ಇಂಜೆಕ್ಷನ್ ಚುಚ್ಚುವ ನರ್ಸಲ್ಲ. ಆಸ್ಪತ್ರೆಯವರು ಆಗಷ್ಟೇ ಅವರಿಗೆ ಹೊಸ ಕೆಲಸ ವಹಿಸಿದ್ದರಂತೆ: ಈ ಕ್ಯಾನ್ಸರ್ ರೋಗ ಬಂದವರನ್ನು ಮೊದಲ ದಿನದಿಂದ ಹಿಡಿದು, ಯಾವ ಕೋಣೆ, ಯಾವ ಪರೀಕ್ಷೆ, ಯಾವ ಔಷಧ, ಏನಾದರೆ ಯಾರನ್ನು ಕೇಳಬೇಕು ಎಂದು ಹೇಳುತ್ತ, ವಾಸಿಯಾದ ಮೇಲೂ ಕೈಬಿಡದೆ ದಾಟಿಸುವುದು. ನಮ್ಮ ಹಿಂಡು ಹೊರಟರೆ ಒಬ್ಬ ಮುಂದೆ ನಡೆಯುತ್ತಾನೆ, ಒಬ್ಬ ಹಿಂದೆ. ಮುಂದಿನವನಿಗೆ ದಾರಿ ಗೊತ್ತಿರಬೇಕು, ಹಿಂದಿನವನಿಗೆ ಯಾವ ಕುರಿ ಕುಂಟುತ್ತಿದೆ ಎಂದು ಗೊತ್ತಿರಬೇಕು. ಕಸ್ತೂರಿ ಸಿಸ್ಟರ್ ಒಬ್ಬರೇ ಎರಡೂ ಕಡೆ ನಡೆದರು.

ಅವರು ಕೇಳಿದ ಮೊದಲ ಪ್ರಶ್ನೆ, "ಆಯಿ, ಡಾಕ್ಟರ್ ಹೇಳಿದ್ರಾಗ ನಿಮಗ ಎಷ್ಟ ತಿಳೀತು?"

"ಆಪರೇಶನ್ ಅಂದ್ರು. ಆಮ್ಯಾಗಿಂದು ಕಿವಿಗೆ ಎಲ್ಲಿ ಬೀಳತೈತ್ರಿ?" ಎಂದಳು ಗಂಗವ್ವ.

ಸಿಸ್ಟರ್ ಕುರ್ಚಿ ಎಳೆದುಕೊಂಡು ಕೂತು ಮತ್ತೆ ಮೊದಲಿನಿಂದ ಹೇಳಿದರು. ಮೊದಲು ಆಪರೇಶನ್, ಆಮೇಲೆ ನಡುನಡುವೆ ಬಿಡುವು ಕೊಟ್ಟು ಸಲೈನ್‌ನಲ್ಲಿ ಔಷಧ. ಕೂದಲು ಹೋಗುತ್ತವೆ, ಮತ್ತೆ ಬರುತ್ತವೆ. ಔಷಧದ ಮೇಲೆ ಮೈಗೆ ರೋಗ ತಡೆಯುವ ಶಕ್ತಿ ಕಡಿಮೆಯಾಗುತ್ತದೆ, ಮನೆಯಲ್ಲಿ ಮಂದಿ ಸೇರಿಸಬಾರದು, ಆಗ ಮಾಡಿದ್ದನ್ನು ಬಿಸಿಬಿಸಿಯಾಗಿ ಉಣ್ಣಬೇಕು. ಆಮೇಲೆ ನನ್ನ ಕಡೆ ತಿರುಗಿ ಸಾಲಿ ಮಾಸ್ತರರ ಹಾಗೆ ಕೇಳಿದರು, "ಅಜ್ಜಾರ, ಆಯಿಗೆ ಜ್ವರಾ ಬಂದ್ರ ಏನ್ ಮಾಡ್ತೀರಿ?"

"ಕಂಬಳಿ ಹೊಚ್ಚತೀನ್ರಿ."

"ತಪ್ಪ."

"ಕಷಾಯ ಮಾಡಿ ಕುಡಸ್ತೀನ್ರಿ."

"ಅದೂ ತಪ್ಪ. ನನಗ ಫೋನ್ ಹಚ್ಚಬೇಕು. ಮದಲ ಫೋನ್, ಆಮ್ಯಾಲ ಕಂಬಳಿ. ಈಗ ನೀವ ಹೇಳ್ರಿ."

ನಾನು ಹೇಳಿದೆ. ಪ್ರತಿ ಸಲ ಹೋದಾಗಲೂ ಹೇಳಿಸಿದರು. ಎರಡನೇ ಇಯತ್ತೆಯಲ್ಲಿ ಮಗ್ಗಿಯನ್ನೂ ನನ್ನಿಂದ ಯಾರೂ ಇಷ್ಟು ಸಲ ಹೇಳಿಸಿರಲಿಲ್ಲ. ಬಹುಶಃ ಅದಕ್ಕೇ ಮಗ್ಗಿ ಬರಲಿಲ್ಲ.

ಬಿಸಿ ಊಟದ ಮಾತು ಬಂತಲ್ಲ, ನನ್ನ ಕಷ್ಟ ಶುರುವಾದದ್ದು ಅಲ್ಲಿಂದ. ಮಗ ಮಾರುತಿ ಬೆಳಗಿನ ರೈಲು ಹಿಡಿದು ಬೆಳಗಾವಿಯ ಫೌಂಡ್ರಿಗೆ ಹೋಗುತ್ತಾನೆ. ಸೊಸೆ ಶೋಭಾ ಅಂಗನವಾಡಿಗೆ ಹೋಗುತ್ತಾಳೆ, ಮೊಮ್ಮಗಳು ಸವಿತಾ ಸಾಲಿಗೆ. ಮಧ್ಯಾಹ್ನ ಮನೆಯಲ್ಲಿ ಉಳಿಯುವವರು ಇಬ್ಬರೇ: ಕೈ ಎತ್ತಲಾರದ ಗಂಗವ್ವ, ಕೆಲಸ ಬರದ ನಾನು. ಆಪರೇಶನ್ ಆಗಿ ಬಂದ ಮೇಲೆ ಆಕೆ ಗೋಡೆಗೆ ಮುಖ ಮಾಡಿ ನಿಂತು, ಸಿಸ್ಟರ್ ಕಲಿಸಿದಂತೆ ಬೆರಳುಗಳನ್ನು ಇರುವೆ ಹತ್ತಿಸಿದ ಹಾಗೆ ಮೇಲೆ ಮೇಲೆ ಹತ್ತಿಸುತ್ತಿದ್ದಳು, ಕೈ ಸೆಟೆದುಕೊಳ್ಳಬಾರದೆಂದು. ಅಲ್ಲಿಂದಲೇ ನನಗೆ ರೊಟ್ಟಿಯ ಪಾಠ. "ಹಿಟ್ಟ ಇನ್ನಷ್ಟ ನಾದ್ರಿ. ಅಯ್ಯ, ಅದೇನ್ ಎಮ್ಮಿ ಮೈ ತಿಕ್ಕಿದಂಗ!" ನಾನು ಬಡಿದ ರೊಟ್ಟಿ ಒಂದು ದಿನವೂ ದುಂಡಗಾಗಲಿಲ್ಲ. ಸವಿತಾ ಸಾಲಿಯಿಂದ ಬಂದು ಒಂದನ್ನು ಎತ್ತಿ ಹಿಡಿದು, "ಅಜ್ಜಾ, ಇದು ಕರ್ನಾಟಕದ ನಕಾಶಿ ಆಗೇತಿ. ಆದ್ರ ನಮ್ಮ ಖಾನಾಪುರ ಇರೂ ಕಡೆ ತೂತ ಬಿದ್ದೈತಿ" ಎಂದಳು. ತನ್ನ ಊರೇ ಇಲ್ಲದ ನಕಾಶೆಯನ್ನು ನಾನು ಮೊಸರಿನಲ್ಲಿ ನೆನೆಸಿ ತಿಂದೆ.

ಎರಡನೇ ಸಲೈನ್ ಹೊತ್ತಿಗೆ ಗಂಗವ್ವನ ಕೂದಲು ಬಾಚಣಿಗೆಗೆ ಕಂತೆ ಕಂತೆಯಾಗಿ ಬರತೊಡಗಿತು. ಮೊಣಕಾಲು ಮುಟ್ಟುತ್ತಿದ್ದ ಜಡೆ ಅದು. ನಮ್ಮ ಮನೆಯಲ್ಲಿ ಇಂಥ ರೋಗ ಇದೆಯೆಂದು ಮಂದಿಗೆ ಗೊತ್ತಾದರೆ ನಾಳೆ ಮೊಮ್ಮಗಳ ಮದುವೆಗೆ ಅಡ್ಡಿಯಾದೀತೆಂದು ಆಕೆಗೆ ಭಯ. ಉಳಿದದ್ದನ್ನು ಕ್ಷೌರಿಕನಿಂದ ತೆಗೆಸಿ, ಸೆರಗು ಹೊದ್ದು, ನನಗೆ ಹೇಳಿದಳು, "ಯಾರಾರ ಕೇಳಿದ್ರ ದೇವರಿಗೆ ಮುಡಿ ಕೊಟ್ಟು ಬಂದೀವಿ ಅನ್ರಿ." ಆಕೆ ಬರೀ ದೇವರು ಎಂದಿದ್ದಳು. ಓಣಿಯಲ್ಲಿ ಕೇಳಿದಾಗ ನನ್ನ ಬಾಯಿಂದ ತಿರುಪತಿ ಎಂದು ಬಂತು. ಸುಳ್ಳು ಹೇಳುವುದಾದರೆ ಸಣ್ಣ ದೇವರೇಕೆ?

ತಿರುಪತಿಗೆ ಹೋಗಿ ಬಂದವರು ಲಾಡು ಹಂಚಬೇಕೆಂಬುದು ನನಗೆ ಹೊಳೆದದ್ದು, ಬಾಜೂ ಮನೆಯ ತಾನಿಬಾಯಿ ಬಟ್ಟಲು ಹಿಡಿದು ಬಾಗಿಲಿಗೆ ಬಂದಾಗ. "ಪ್ರಸಾದ ನಾಳಿಗೆ ಬರತೈತಿ" ಎಂದುಬಿಟ್ಟೆ. ಪ್ರಸಾದ ರೈಲಿನಲ್ಲಿ ಹಿಂದೆ ಉಳಿದಿದೆಯೇ ಎಂದು ಆಕೆ ಕೇಳಲಿಲ್ಲ, ಪುಣ್ಯ. ಮಾರುತಿಗೆ ಹೇಳಿ ಬೆಳಗಾವಿಯ ಮಿಠಾಯಿ ಅಂಗಡಿಯಿಂದ ಬೂಂದಿ ಲಾಡು ತರಿಸಿ ಮನೆ ಮನೆಗೆ ಕೊಟ್ಟೆ. ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಯಾತ್ರೆ ಮಾಡಿ ಬಂದವರ ಕಾಲಿಗೆ ಬೀಳುವುದೂ ನಮ್ಮ ಕಡೆಯ ಪದ್ಧತಿಯೇ ಅಲ್ಲವೇ? ಲಾಡು ತಿಂದವರೆಲ್ಲ ಸಂಜೆಗೆ ಬಂದರು. ಕೆಮ್ಮುವವರು, ಸೀನುವವರು, ನೆಗಡಿಯ ಕೂಸನ್ನು ಬಗಲಲ್ಲಿ ಹೊತ್ತವರು. ಮಂದಿ ಸೇರಿಸಬೇಡಿ ಎಂದು ಸಿಸ್ಟರ್ ಹೇಳಿದ ಮನೆಯಲ್ಲಿ ಸಾಲು ಹಚ್ಚಿ ನಿಂತರು. ಗಂಗವ್ವ ಗೋಡೆಗೆ ಒರಗಿ ಕೂತು ಒಬ್ಬೊಬ್ಬರಿಗೂ ಆಶೀರ್ವಾದ ಮಾಡುತ್ತ, ನಡುನಡುವೆ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಹೇಳಲಾರೆ.

ಎರಡು ದಿನಕ್ಕೆ ಆಕೆಯ ಮೈ ಕಾದ ಹಂಚಾಯಿತು. ನಾನು ಕಂಬಳಿ ಎತ್ತಿಕೊಂಡವನು, ಹೊಚ್ಚುವ ಮೊದಲೇ ನೆನಪಾಗಿ, ಅದನ್ನು ಹೆಗಲ ಮೇಲೆ ಹಾಕಿಕೊಂಡೇ ಚಹಾದಂಗಡಿಯ ಫೋನಿಗೆ ಓಡಿದೆ.

"ಸಿಸ್ಟರ್, ಜ್ವರಾ ಬಂದೈತ್ರಿ!"

"ಮನಿಗೆ ಮಂದಿ ಬಂದಿದ್ರೇನ್ರಿ?"

"ದರ್ಶನಕ್ಕ ಬಂದಿದ್ರು ನೋಡ್ರಿ."

"ಯಾರ ದರ್ಶನಕ್ಕ?"

"ನಮ್ಮಾಕಿ ದರ್ಶನಕ್ಕ್ರಿ."

"ಆ ಕಥಿ ಆಮ್ಯಾಲ ಕೇಳ್ತೀನಿ. ಈಗಿಂದೀಗ ಗಾಡಿ ಮಾಡ್ಕೊಂಡು ಬರ್ರಿ, ನಾ ಬಾಗಲದಾಗ ಇರ್ತೀನಿ" ಎಂದರು. ಇದ್ದರು. ಗಾಲಿಕುರ್ಚಿ ಹಿಡಿದುಕೊಂಡೇ ನಿಂತಿದ್ದರು, ಡಾಕ್ಟರಿಗೂ ಮೊದಲೇ ಹೇಳಿಟ್ಟಿದ್ದರು. ಈ ಸಲ ನಾವು ಯಾವ ತಪ್ಪು ಬಾಗಿಲಿಗೂ ಹೋಗಲಿಲ್ಲ. ಇನ್ನು ಅರ್ಧ ದಿನ ಮನೆಯಲ್ಲೇ ಕೂತಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಅದನ್ನು ಕೇಳಿದಾಗ ಹೆಗಲ ಮೇಲಿನ ಕಂಬಳಿ ಇದ್ದಕ್ಕಿದ್ದಂತೆ ಬಹಳ ಭಾರವಾಯಿತು.

ಜ್ವರ ಇಳಿಯಿತು. ಆದರೆ ಗಂಗವ್ವ ಹಟ ಹಿಡಿದಳು. "ಸಾಕ್ರಿ ಇನ್ನ. ಕೂದಲಾನೂ ಹೋತು, ಮಾನಾನೂ ಹೋತು. ಉಳಿದ ಸಲೈನ್ ನನಗ ಬ್ಯಾಡ. ಮನಿಗೆ ಕರ್ಕೊಂಡು ನಡೀರಿ." ಡಾಕ್ಟರು ಹೇಳಿದರು, ಮಗ ಹೇಳಿದ, ಸೊಸೆ ಅತ್ತಳು. ನಾನೂ ಬಾಯಿ ತೆಗೆದೆ. "ನೀವ್ ಮಾತಾಡಬ್ಯಾಡ್ರಿ, ತಿರುಪತಿ ಸ್ವಾಮಿಗಳು" ಎಂದಳು.

ಆಗ ಕಸ್ತೂರಿ ಸಿಸ್ಟರ್ ಮಂಚದ ತುದಿಗೆ ಕೂತು, ರೋಗದ ಸುದ್ದಿಯನ್ನೇ ತೆಗೆಯದೆ, ಆ ದರ್ಶನದ ಕಥೆ ಕೇಳಿದರು. ಲಾಡಿನವರೆಗೆ ಬಂದಾಗ ನಕ್ಕರು. ಹೇಳುತ್ತ ಹೇಳುತ್ತ ಗಂಗವ್ವನಿಗೂ ತುಸು ನಗು ಬಂತು. ಆಮೇಲೆ ಸಿಸ್ಟರ್ ಮೆಲ್ಲಗೆ ಅಂದರು, "ಆಯಿ, ಮುಡಿ ಕೊಟ್ಟೀನಿ ಅಂದೀರಿ. ಅದೇನ್ ಸುಳ್ಳಲ್ಲ ಬಿಡ್ರಿ, ತಲಿ ಮ್ಯಾಲ ಕೂದಲಿಲ್ಲ ಅಂದ್ಮ್ಯಾಲ ಕೊಟ್ಟಂಗ ಆತು. ಆದ್ರ ಮುಡಿ ಕೊಟ್ಟು ಹರಕಿ ಅರ್ಧಕ್ಕ ಬಿಟ್ರ ನಡೀತೈತೇನು ನಿಮ್ಮ ಕಡೆ?"

ಗಂಗವ್ವ ಸೆರಗು ಎಳೆದು ಬೋಳು ತಲೆ ಮುಚ್ಚಿಕೊಂಡಳು. ಔಷಧ ಅರ್ಧಕ್ಕೆ ಬಿಟ್ಟವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ, ಹರಕೆ ಅರ್ಧಕ್ಕೆ ಬಿಟ್ಟವರು ಒಬ್ಬರೂ ಇಲ್ಲ. "ಹಂಗಲ್ರಿ ಅದು..." ಎಂದು ಏನೋ ಹೇಳಹೋಗಿ, "ಮುಂದಿಂದು ಯಾವಾಗ ಬರೂದ್ರಿ?" ಎಂದು ಕೇಳಿದಳು.

"ನಿಮ್ಮೂರ ಸಂತಿ ಮರುದಿನ" ಎಂದರು ಸಿಸ್ಟರ್. ತಾರೀಖು ನನಗೆ ನಿಲ್ಲುವುದಿಲ್ಲ, ಸಂತೆ ಮರೆಯುವುದಿಲ್ಲ ಎಂದು ಅವರಿಗೆ ಅಷ್ಟರಲ್ಲೇ ಗೊತ್ತಾಗಿತ್ತು. ಹೊರಡುವಾಗ ಇನ್ನೊಂದು ಮಾತು ಹೇಳಿದರು: "ಓಣ್ಯಾಗ ಒಬ್ಬರಿಗಾರ ಖರೇ ಹೇಳ್ರಿ. ಬಾಗಲಾ ಕಾಯಾಕ ನಿಮಗೊಬ್ಬರು ಬೇಕು."

ಮನೆಗೆ ಬಂದ ಮೇಲೆ ಗಂಗವ್ವ ತಾನಿಬಾಯಿಯನ್ನು ಕರೆದು ಸೆರಗು ಸರಿಸಿ, "ತಿರುಪತಿ ಅಲ್ಲವ್ವಾ ತಾನಿಬಾಯಿ, ಬೆಳಗಾವಿ" ಎಂದು ಎಲ್ಲ ಹೇಳಿದಳು.

"ಅಗ ಬಾಯಿ, ನನಗ ಲಾಡು ತಿಂದಾಗನ ಗೊತ್ತಾತು" ಎಂದಳು ಆಕೆ. "ಮಿಠಾಯಿ ಅಂಗಡಿ ಲಾಡು ನನಗ ಗೊತ್ತಾಗೂದಿಲ್ಲೇನು?"

"ಮತ್ತ ಕಾಲಿಗ್ಯಾಕ ಬಿದ್ದೆ ನೀ?"

"ಏನೋ ದೊಡ್ಡದಾಗೇತಿ ಅಂತ ನಿನ್ನ ಮಾರಿ ನೋಡಿದ್ರ ತಿಳೀತಿತ್ತು. ಕೇಳಾಕ ಬಾಯಿ ಬರಲಿಲ್ಲ, ಬಿದ್ನಿ."

ಇಬ್ಬರೂ ಕೈ ಹಿಡಿದುಕೊಂಡು ಕೂತರು. ಮರುದಿನದಿಂದ ತಾನಿಬಾಯಿ ನಮ್ಮ ಕಟ್ಟೆಯ ಮೇಲೆ ಕಾಳು ಹಸನ ಮಾಡುತ್ತ ಕೂಡತೊಡಗಿದಳು. ಮಾತಾಡಿಸಲು ಬಂದವರಿಗೆಲ್ಲ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ, "ಆಕಿ ಮಲಗ್ಯಾಳ, ಆಮ್ಯಾಲ ಬರ್ರಿ" ಎಂದು ತಿರುಗಿಸಿ ಕಳಿಸುತ್ತಿದ್ದಳು. ಇಷ್ಟು ವರ್ಷ ಕಾರ್ಖಾನೆಯ ಗೇಟು ಕಾದ ನಾನು ಒಬ್ಬರನ್ನೂ ಅಷ್ಟು ಚೆನ್ನಾಗಿ ತಡೆದಿರಲಿಲ್ಲ.

ಸಲೈನುಗಳು ಮುಗಿದವು. ಮೊದಲು ಮಗುವಿನ ತಲೆಯಂಥ ನವಿರು ಬಂತು, ಆಮೇಲೆ ಗುಂಗುರು. ಹುಟ್ಟಿದಾಗಿನಿಂದ ನೀಟ ಕೂದಲಿದ್ದವಳಿಗೆ ಈ ವಯಸ್ಸಿನಲ್ಲಿ ಗುಂಗುರು ಬಂದದ್ದು ನೋಡಿ ಸವಿತಾ ದಿನಕ್ಕೊಮ್ಮೆ ಬೆರಳು ಸುತ್ತಿ ನೋಡುತ್ತಿದ್ದಳು. ಇವತ್ತು ಅದರಲ್ಲಿ ಸೇವಂತಿಗೆ ನಿಂತಿತು, ಡಾಕ್ಟರು ಆರು ತಿಂಗಳು ಎಂದರು. ಕಸ್ತೂರಿ ಸಿಸ್ಟರ್ ಹೂವನ್ನೇ ಮೊದಲು ನೋಡಿದರು. "ಮುಗೀತು ಅಂತ ನನ್ನ ಮರೀಬ್ಯಾಡ್ರಿ ಆಯಿ. ಹೊಸಾ ಗಂಟು, ಕೈ ಬಾವು, ಏನ ಅನಿಸಿದ್ರೂ ಆರು ತಿಂಗಳ ಕಾಯಬ್ಯಾಡ್ರಿ, ಫೋನ್ ಹಚ್ಚರಿ. ರಾತ್ರಿ ಅಂಜಿಕಿ ಬಂದ್ರೂ ಮುಂಜಾನೆ ಹಚ್ಚರಿ, ಅದೂ ನನ್ನ ಕೆಲಸನ" ಎಂದರು. ಗಂಗವ್ವ ಎಲ್ಲಕ್ಕೂ ತಲೆ ಆಡಿಸಿ, ಒಂದೇ ಒಂದು ಕೇಳಿದಳು: "ರೊಟ್ಟಿ ಬಡೀಬಹುದೇನ್ರಿ ನಾ?"

ನನ್ನ ಕಿವಿ ನೆಟ್ಟಗಾದವು. ವರ್ಷವಿಡೀ ಕಾದ ಬಿಡುಗಡೆಯ ಮಾತು ಬರುತ್ತಿದೆ ಎಂದುಕೊಂಡೆ.

"ಬಡೀರಿ, ಸ್ವಲ್ಪ ಸ್ವಲ್ಪ, ಕೈ ದಣಿದ್ರ ನಿಲ್ಲಸ್ರಿ. ಆದ್ರ ಆಪರೇಶನ್ ಆದ ಕಡೆ ಕೈಗೆ ಸುಟ್ಟಗಾಯ ಆಗಬಾರದು, ಬಾವು ಬರತೈತಿ. ಹಂಚಿನ ಮುಂದ ನೀವ್ ಕುಂದರಬ್ಯಾಡ್ರಿ" ಎಂದು ಸಿಸ್ಟರ್ ನನ್ನ ಕಡೆ ತಿರುಗಿದರು. "ಬೇಯಿಸೂದು ಅಜ್ಜಾರದು. ಕಾಯಂ."

ಸಂಜೆ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಮಾರುತಿ ರೈಲಿಳಿದು ಓಡೋಡಿ ಬಂದ, ತಾನಿಬಾಯಿ ಬದನೆಕಾಯಿ ಪಲ್ಯ ತಂದಳು, ಶೋಭಾ ಶೇಂಗಾ ಚಟ್ನಿ, ಮೊಸರು ಇಟ್ಟಳು. ವರ್ಷದ ಮೇಲೆ ನಮ್ಮ ಮನೆಯಲ್ಲಿ ಗಂಗವ್ವನ ಕೈಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಆಕೆ ಬಡಿದ ಚಂದ್ರನಂಥ ರೊಟ್ಟಿಯನ್ನು ನಾನು ಹಂಚಿನ ಮೇಲೆ ಹಾಕಿ, ತಲೆಯ ಮೇಲಿನ ಆ ಹೂವು ಇನ್ನೂ ಇದೆಯೇ ಎಂದು ನೋಡುತ್ತ ಕೂತೆ. ಇತ್ತು. ನೋಡುತ್ತಲೇ ಕೂತದ್ದರಿಂದ ರೊಟ್ಟಿ ಒಂದು ಕಡೆ ಕರಕಾಯಿತು.

"ಇದು ಯಾರಿಗೆ?" ಎಂದು ಸವಿತಾ ಅದನ್ನು ಎತ್ತಿ ಹಿಡಿದಳು.

"ನಿಮ್ಮ ತಿರುಪತಿ ಸ್ವಾಮಿಗಳಿಗೆ ಹಾಕ. ಪ್ರಸಾದ ಅದು" ಎಂದಳು ಗಂಗವ್ವ.

ಎಲ್ಲರೂ ನಕ್ಕರು. ನಾನು ಹಂಚಿನ ಮುಂದೆಯೇ ತಾಟು ಎಳೆದುಕೊಂಡು, ಕರಕಾದ ಕಡೆಯಿಂದಲೇ ತಿನ್ನಲು ಶುರು ಮಾಡಿದೆ.