ಲಗ್ನಪತ್ರಿಕೆಗೆ ಬಡಿದ ವೈರಸ್

ಕಂಪ್ಯೂಟರ್ ರಿಪೇರಿಗೆ ಅಂತ ಕರೆದ ಮನೇಲಿ ಕಂಪ್ಯೂಟರ್ ಮುಟ್ಟೋ ಮುಂಚೆ ಅವರ ಸಂಸಾರದ ಪಂಚಾಯ್ತಿ ಕೇಳೋದು ನನ್ನ ಹಣೆಬರಹ. ಮದ್ದೂರಲ್ಲಿ ಅಂಗಡಿ ಇಟ್ಟಾಗಿಂದ ಇದೇ ಪಾಡು. ಅದರಲ್ಲೂ ಬೆಸಗರಹಳ್ಳಿಯ ಆ ಅಣ್ಣ-ತಮ್ಮಂದಿರ ಮನೆ ನೆನೆಸ್ಕೊಂಡ್ರೆ ಈಗಲೂ ಒಬ್ಬನೇ ಕೂತು ನಗ್ತೀನಿ.

೧. ಪಾಲಾಗದ ವೈಫೈ

ಪಾಲಾದಾಗ ಗದ್ದೆ, ಕೊಟ್ಟಿಗೆ, ಪಾತ್ರೆ-ಪಗಡ ಎಲ್ಲ ಹಂಚ್ಕೊಂಡು ಮನೆ ನಡುವೆ ಗೋಡೆ ಎಬ್ಬಿಸಿದ್ದರು. ಆವತ್ತಿಂದ ಮಾತಿಲ್ಲ, ಕತೆಯಿಲ್ಲ. ವೈಫೈ ಒಂದನ್ನ ಸೀಳೋಕಾಗದೆ ಅವ್ವನ ಕೋಣೇಲಿ ಜಂಟಿಯಾಗೇ ಬಿಟ್ಟಿದ್ದರು. ಈಗ ಅಣ್ಣನ ಮಗಳ ಮದುವೆ. ಲಗ್ನಪತ್ರಿಕೇನ ಗೋಡೆಯ ಎರಡೂ ಕಡೆಯವರು ನೋಡಿ ಒಪ್ಪಬೇಕು.

"ಈ ಕಂಪ್ಯೂಟರಿಂದ ಆ ಕಂಪ್ಯೂಟರಿಗೆ ಫೈಲು ಓಗಂಗೆ ಮಾಡ್ಕೊಡಪ್ಪ" ಅಂದ ಅಣ್ಣ.

"ವಾಟ್ಸಾಪಲ್ಲಿ ಕಳಿಸಿ."

"ಬ್ಲಾಕ್ ಮಾಡಿವ್ನಿ."

"ಪೆನ್ ಡ್ರೈವಲ್ಲಿ ಕೊಡಿ."

"ಅವನ ಬಾಗ್ಲಿಗೆ ನಾನು ಓಗಬೇಕಾ?"

ಮಗಳು ನನ್ನನ್ನ ಪಕ್ಕಕ್ಕೆ ಕರೆದಳು. "ಅಣ್ಣ, ಚಿಕ್ಕಪ್ಪ ಬರದಿದ್ರೆ ನಾನು ಹಸೆಮಣೆ ಹತ್ತಲ್ಲ. ಹೆಂಗಾದ್ರೂ ಮಾಡಿ" ಅಂದಳು. ಕಣ್ಣಲ್ಲಿ ನೀರು. ಆದ್ರೆ ಅಣ್ಣ-ತಮ್ಮಂದಿರನ್ನ ಜೋಡಿಸೋ ಕೇಬಲ್ಲು ನನ್ನ ಬ್ಯಾಗಲ್ಲಿ ಇರಲಿಲ್ಲ.

೨. ಪಾಸ್‌ವರ್ಡಿಗೆ ಎರಡು ಊಟ

ಗೋಡೆ ಆಚೆ ಹೋಗಿ ತಮ್ಮನ ಕಂಪ್ಯೂಟರಲ್ಲಿ ಒಂದು ಫೋಲ್ಡರ್ ಮಾಡಿ ಇಬ್ಬರಿಗೂ ಕಾಣೋ ಹಾಗಿಟ್ಟೆ. ಅಣ್ಣನ ಕಡೆಯಿಂದ ತೆಗೆಯೋಕೆ ಹೋದ್ರೆ ತಮ್ಮನ ಪಾಸ್‌ವರ್ಡ್ ಕೇಳ್ತು.

"ದೊಡ್ಡೋನು ನಾನು. ಅವನತ್ರ ಕೇಳಬೇಕಾ?" ಅಂತ ಅಣ್ಣ ಮುಖ ತಿರುಗಿಸಿದ. ಅಷ್ಟರಲ್ಲಿ ಅವನ ಹೆಂಡತಿ ಮುದ್ದೆ, ಉಪ್ಸಾರು ಬಡಿಸಿದಳು. ಉಂಡು, ಬೀದಿ ಸುತ್ತಿ ತಮ್ಮನ ಮನೆಗೆ ಹೋದೆ. "ಕೇಳಿದ್ರೆ ಏಳ್ತೀನಿ. ಅವನೇ ಕೇಳಲಿ" ಅಂದ ತಮ್ಮ. ಅವನ ಹೆಂಡತಿಯೂ ಎಲೆ ಹಾಕಿದಳು.

"ಊಟ ಆಯ್ತು ಕಣಮ್ಮ."

"ಅಲ್ಲಿ ಉಂಡು ಇಲ್ಲಿ ಬಾಯಿ ಒರೆಸ್ಕೊಂಡು ಓದ್ರೆ ನಮ್ಮನ್ನ ಏನಂತಾರೆ? ಕುಂತ್ಕೊ."

ಮತ್ತೆ ಮುದ್ದೆ. ಕೊನೆಗೆ ಪಾಸ್‌ವರ್ಡೇ ಬೇಡದ ಹಾಗೆ ಮಾಡಿದೆ. ಅಣ್ಣನ ಮನೇಲಿ ಫೋಲ್ಡರ್ ತೆರೀತು. ಅಷ್ಟೊತ್ತಿಗೆ ನಾನು ಬೆಲ್ಟನ್ನ ಎರಡು ತೂತು ಸಡಿಲ ಮಾಡಿದ್ದೆ.

೩. ತಮ್ಮನನ್ನೇ ತಿನ್ನೋ ವೈರಸ್

ಆ ವಾರದಲ್ಲೇ ಅಣ್ಣನ ಫೋನು. "ಬಿರ್ರನೆ ಬಾರಪ್ಪ, ವೈರಸ್ ಬಂದದೆ. ಇವತ್ತೇ ಮಂಡ್ಯಕ್ಕೆ, ಪ್ರೆಸ್ಸಿಗೆ ಕೊಡಬೇಕು."

ಹೋದೆ. "ಸುಖಾಗಮನ ಬಯಸೋರು ಅಂತಿರೋ ಕಡೆ ನನ್ನ ತಮ್ಮನ ಎಸ್ರು ಆಕ್ತೀನಿ. ಬೆಳಗ್ಗೆ ನೋಡಿದ್ರೆ ಇರಾಕಿಲ್ಲ. ಮಿಕ್ಕೋರ ಎಸ್ರೆಲ್ಲ ಅಂಗೇ ಅವೆ. ಈ ವೈರಸ್ಸಿಗೆ ನನ್ನ ತಮ್ಮನೇ ಬೇಕಾ?" ಅಂದ.

ನಾನು ಫೈಲು ತೆಗೆದೆ. ಇನ್ನೊಬ್ಬರು ಇದನ್ನ ತೆರೆದು ಕೂತಿದ್ದಾರೆ ಅಂತ ಪರದೆ ಮೇಲೆ ಬಂತು. "ನಿಮ್ಮ ವೈರಸ್ಸು ಗೋಡೆ ಆಚೆ ಕೂತಿದೆ ಯಜಮಾನ್ರೇ. ಅವರು ಆ ಫೈಲು ಮುಚ್ಚೋವರೆಗೂ ನೀವು ಬರೆಯೋಕಾಗಲ್ಲ."

"ಓಗಿ ಮುಚ್ಚು ಅನ್ನು ಅವನ್ಗೆ."

"ಇನ್ನೊಂದು ಮುದ್ದೆ ನುಂಗೋ ಶಕ್ತಿ ನನಗಿಲ್ಲ. ನೀವೇ ಹೇಳಿ."

ಅಣ್ಣ ಧಡಕ್ಕಂತ ಎದ್ದು ಗೋಡೆ ಹತ್ರ ಹೋದ. "ಲೇ, ನಿನ್ನ ಎಸ್ರ ಯಾಕ್ಲಾ ಅಳಿಸ್ತೀಯ?" ಮಗಳು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು.

"ಎಸ್ರು ಆಕ್ಬುಟ್ರೆ ಆಯ್ತಾ?" ಅಂದ ತಮ್ಮ ಆಚೆಯಿಂದ. "ಬಾಯ್ತುಂಬ ಕರ್ದಿದ್ದೀಯೇನಣ್ಣ ನನ್ನ?"

ನಮ್ಮ ಕಡೆ ಬಾಯಲ್ಲಿ ಕರೆಯದೆ ಪತ್ರಿಕೇಲಿ ಹೆಸರು ಹಾಕಿದ್ರೆ ಅವಮಾನ. ಅಣ್ಣ ಗೋಡೆಗೆ ಕೈಯೂರಿ ನಿಂತ. "ಈಗ ಕರೀತಿಲ್ವೇನ್ಲಾ? ಮಗಳ ಮದ್ವೆ ಕಣ್ಲಾ, ಬಾ" ಅಂದ.

ತಮ್ಮ ಚಪ್ಪಲೀನೂ ಮೆಟ್ಟದೆ ಬಂದ. ಇಬ್ಬರೂ ಒಂದೇ ಕಂಪ್ಯೂಟರ್ ಮುಂದೆ ಕೂತು, ಯಾರ ಮಾವನ ಹೆಸರು ಮೇಲೆ ಬರಬೇಕು ಅಂತ ಕಿತ್ತಾಡ್ಕೊಂಡೇ ಬರೆಯೋಕೆ ಶುರು ಮಾಡಿದರು. ಮಗಳು ಕಣ್ಣೊರೆಸ್ಕೊಂಡು ಕಾಫಿ ಇಡೋಕೆ ಹೋದಳು.

ಅವರಿಬ್ಬರ ಅವ್ವ ಒಳಗಿಂದ ನನ್ನ ಕರೀತು. ವೈಫೈ ಡಬ್ಬ ಅಜ್ಜಿ ಮಂಚದ ಪಕ್ಕದಲ್ಲೇ ಇತ್ತು. "ರಿಪೇರಿ ಆಯ್ತೇನಪ್ಪ?"

"ಆಯ್ತು ಅಜ್ಜಿ. ಇನ್ನು ಯಾರೂ ಯಾರ ಮನೆಗೂ ಹೋಗಬೇಕಾಗಿಲ್ಲ. ಕೂತ ಕಡೆಯಿಂದಲೇ ಕಳಿಸ್ಬಹುದು."

ಅಜ್ಜಿ ಕೈ ಚಾಚಿ ಡಬ್ಬದ ವೈರು ಕಿತ್ತು ದಿಂಬಿನ ಕೆಳಗಿಟ್ಕೊಳ್ತು.

"ಕೆಟ್ಟೋಗದೆ ಅಂತ ಏಳ್ಬುಡು. ಇನ್ಮೇಲೆ ಏನಿದ್ರೂ ಬಾಯಲ್ಲೇ ಕಳಿಸ್ಕೊಳ್ಳಲಿ."